ಪರದೇಶಿಗಳ ಮೈದಾನ

ನಮ್ಮ ಹಾಸನದ ಸೀಮೆಯ ಆಡುಮಾತಿನಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅನ್ಯದೇಶದಿಂದ ಬಂದವನು ಎಂಬುದು ನಿಘಂಟಿನ ಅರ್ಥ. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಮನೆಯಂಗಳದ ಅರ್ಥ. ಎಳವೆಯಲ್ಲೇ ತಾಯ್ತಂದೆಯರನ್ನು ಕಳೆದುಕೊಂಡ ಮಗುವನ್ನು ಕಂಡು ಅರಕಲಗೂಡಿನ ಅಜ್ಜಿಯರು 'ಅಯ್ಯೋ, ಪರದೇಶಿ ಆಗೋಯ್ತಲ್ಲಾ ಕೂಸು' ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ, ಆ ಕೂಸು ತಾನು ಹುಟ್ಟಿದ ಬೀದಿಯನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆಗೆ ಹೋಗಿರುವುದಿಲ್ಲ. ತನ್ನವರಿಲ್ಲದಿದ್ದರೆ ಹುಟ್ಟಿದೂರೂ ಪರದೇಶವೇ ಎಂಬ ಆಳವಾದ ತಿಳಿವೊಂದು ಈ ಬಳಕೆಯಲ್ಲಿ ಅಡಗಿದೆ. ಅದರ ಮಗ್ಗುಲಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ನೆಲದಲ್ಲಿ ಬಾಳಬೇಕಾಗಿ ಬಂದವನು ಪರದೇಶಿಯಾಗಿರುವುದನ್ನು ಯಾವಾಗ, ಯಾವ ಬಗೆಯಿಂದ, ಬಿಡುತ್ತಾನೆ? ಜಮೀನಿನ ಪತ್ರ ಕೈಗೆ ಬಂದಾಗಲೋ, ಆ ನಾಡಿನ ನುಡಿ ನಾಲಗೆಗೆ ಹತ್ತಿದಾಗಲೋ, ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದಾಗಲೋ? ಈ ಪ್ರಶ್ನೆಗೆ ನನಗೊಂದು ಉತ್ತರ ತೋರಿದುದು ಕಾವೇರಿಯ ದಂಡೆಯ ಬೈಲುಕುಪ್ಪೆಯಲ್ಲಿ, ಒಂದು ಕಾಲ್ಚೆಂಡಿನ ಬಯಲಿನ ಅಂಚಿನಲ್ಲಿ.

ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುತ್ತಿದ್ದ ನನ್ನ ಸೋದರಮಾವನಿಗೆ, ರಾಮನಾಥಪುರದ ಮಾರುಕಟ್ಟೆಯ ವ್ಯವಹಾರದ ಜೊತೆಗೆ, ಬೈಲುಕುಪ್ಪೆಯ ಟಿಬೆಟ್ಟಿನ ರೈತರೊಡನೆ ಮುಸುಕಿನ ಜೋಳದ ಕೊಡುಕೊಳ್ಳುವಿಕೆಯೂ ಇದ್ದಿತು. ಅಂಥದೊಂದು ಕೆಲಸದ ನಿಮಿತ್ತ ಆತ ಹೊರಟಾಗ ನಾನೂ ಜೊತೆಗೂಡಿದೆ. ಕೊಣನೂರು, ಶಿರಂಗಾಲ, ಹೆಬ್ಬಾಲೆ, ಕೂಡಿಗೆಗಳನ್ನು ದಾಟಿ, ಕಾವೇರಿ ಇಳಿದುಬರುವ ದಿಕ್ಕಿಗೆ ಇದಿರಾಗಿ ಸಾಗಿದರೆ ಕುಶಾಲನಗರ. ಅಲ್ಲಿ ಹೊಳೆಯನ್ನು ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. ಟಿಬೆಟ್ಟಿನವರನ್ನು ನಾನು ಅದುವರೆಗೆ ಕಂಡಿದ್ದುದು ಹಾಸನದ ಬೀದಿಯ ಬದಿಯಲ್ಲಿ, ಚಳಿಗಾಲದ ಸಂಜೆಗಳಲ್ಲಿ, ಬಣ್ಣಬಣ್ಣದ ಸ್ವೆಟರುಗಳ ರಾಶಿಯ ಹಿಂದೆ ಮಿತಭಾಷಿಗಳಾಗಿ ಕುಳಿತ ವ್ಯಾಪಾರಿಗಳನ್ನಾಗಿ ಮಾತ್ರ. ಅದೇ ಜನ ಇಲ್ಲಿ, ತಾವು ನೆಲೆಸಿದ ಕ್ಯಾಂಪಿನ ಪಕ್ಕದ ಬಯಲಿನ ಸುತ್ತ ನಾಲ್ಕೈದು ಸಾಲುಗಳಾಗಿ ಒತ್ತೊತ್ತಿ ನಿಂತು, ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಆ ನೋಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೆಂಪು ಮಣ್ಣಿನ ಬಯಲು. ಎರಡು ತುದಿಗಳಲ್ಲಿ ಕಂಬಗಳು. ಅವುಗಳ ಹಿಂದೆ, ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ನೀಲಿ, ಬಿಳಿ, ಕೆಂಪು, ಹಸುರು, ಹಳದಿಯ ಪ್ರಾರ್ಥನಾ ಪತಾಕೆಗಳು. ಮಠದ ಎಳೆಯ ಭಿಕ್ಷುಗಳು ಕಾವಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಗೆರೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು. ಒಬ್ಬ ಮುದುಕಿ, ಬಲಗೈಯಲ್ಲಿ ಪ್ರಾರ್ಥನೆಯ ಮಣಿಚಕ್ರವನ್ನು ತಿರುಗಿಸುತ್ತ, ಆಟದ ವೇಗ ಏರಿದಂತೆಲ್ಲ ತನಗೆ ಅರಿವಿಲ್ಲದೆಯೇ ಅದನ್ನೂ ವೇಗವಾಗಿ ತಿರುಗಿಸುತ್ತಿದ್ದಳು. ಇವರೆಲ್ಲರ ನಡುವೆ, ಬುಟ್ಟಿಯನ್ನು ತೊಡೆಯ ಮೇಲಿರಿಸಿಕೊಂಡು ಚುರುಮುರಿ ಕಲಸುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬ, ಗಿರಾಕಿಗಳೊಡನೆ ಟಿಬೆಟ್ಟಿನ ಮಾತಿನಲ್ಲಿಯೇ ಚೌಕಾಸಿ ಮಾಡುತ್ತಿದ್ದ. ಮಾವನಿಗೆ ಪರಿಚಯವಿದ್ದ ವೃದ್ಧನೊಬ್ಬ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, 'ಬನ್ನಿ ಗೌಡ್ರೇ, ಕೂತ್ಕಳಿ' ಎಂದ. 'ಏನ್ ಯಜಮಾನ್ರೇ, ಇದ್ರಲ್ಲಿ ನಿಮ್ಮೋರು ಯಾರು?' ಎಂದು ಮಾವ ಕೇಳಿದ. ಆತ ಒಂದು ಕ್ಷಣ ಯೋಚಿಸಿ, 'ಎಲ್ಲಾ ನಮ್ಮೋರೇಯ. ಆದ್ರೂ, ನೀಲಿ ಅಂಗಿಯೋರು ನಮ್ ಕ್ಯಾಂಪು' ಎಂದು ನಕ್ಕ. ಮಾವನೂ ನಕ್ಕು, ಹೊಗೆಸೊಪ್ಪಿನ ದರವನ್ನೂ ಜೋಳದ ಬೆಲೆಯನ್ನೂ ಮರೆತು, ಕಾಲು ಚಾಚಿ ಕುಳಿತ.

ಈ ಆಟ ಇಲ್ಲಿಗೆ ಹೇಗೆ ಬಂದಿತು ಎಂದು ವಿಚಾರಿಸಹೊರಟವನಿಗೆ ಮೊದಲು ಎದುರಾಗುವವನೂ ಒಬ್ಬ ಪರದೇಶಿಯೇ. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಸೈನ್ಯ, ಚಳಿಜ್ವರದ ಕಾಟವನ್ನು ತಡೆಯಲಾರದೆ, 1809ರ ವೇಳೆಗೆ ಬೆಂಗಳೂರಿನ ದಂಡಿನ ಪ್ರದೇಶಕ್ಕೆ ವರ್ಗವಾಯಿತು. 1863ರಲ್ಲಿ ಲಂಡನ್ನಿನಲ್ಲಿ ಕಾಲ್ಚೆಂಡಿನ ನಿಯಮಗಳು ಬರಹಕ್ಕಿಳಿದ ಬಳಿಕ, ಆ ಆಟ ಹಡಗನ್ನೇರಿ ಪಲ್ಟಣಗಳೊಡನೆ ಹಿಂದೂಸ್ಥಾನಕ್ಕೆ ಬಂದಿತು. 1888ರಲ್ಲಿ ಸಿಮ್ಲಾದಲ್ಲಿ ಡ್ಯೂರಾಂಡ್ ಕಪ್ಪೂ, 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್ಪೂ ಆರಂಭವಾದುವು. ಎರಡೂ ಮೊದಮೊದಲು ಸೈನಿಕರ ಪಂದ್ಯಾವಳಿಗಳೇ. ಚರಿತ್ರೆಯಲ್ಲಿ ಈ ಗೋರಾ ಸಿಪಾಯಿ ಆಳುವವನಾಗಿ ಕಾಣಿಸಿಕೊಳ್ಳುತ್ತಾನೆ, ಅದು ನಿಜ. ಆದರೆ ಸಂಜೆಯ ಹೊತ್ತು, ಕವಾಯತಿನ ಬಯಲಿನಲ್ಲಿ, ಅವನನ್ನು ಬೇರೊಂದು ಬೆಳಕಿನಲ್ಲಿಯೂ ನೋಡಬಹುದು. ಗಣಿಯ ಊರಿನಿಂದಲೋ, ಗಿರಣಿಯ ಬೀದಿಯಿಂದಲೋ, ಬರ ಬಡಿದ ಐರ್ಲೆಂಡಿನ ಹೊಲದಿಂದಲೋ ಹೊಟ್ಟೆಯ ಪಾಡಿಗಾಗಿ ಪಲ್ಟಣ ಸೇರಿ, ಆರೇಳು ಸಾವಿರ ಮೈಲಿಗಳಾಚೆಗೆ ಬಂದು ಬಿದ್ದ ಆ ಯುವಕನಿಗೆ, ಚೆಂಡು ಕಾಲಿಗೆ ತಗುಲಿದ ಕ್ಷಣದಲ್ಲಿ ಮಾತ್ರ ತನ್ನ ಊರಿನ ಬೀದಿಯ ನೆನಪು ಮರಳುತ್ತಿದ್ದಿರಬೇಕು. ಅವನ ಪಾಲಿಗೆ ಆಟವೆಂಬುದು ಮನೆಯಿಂದ ಹೊತ್ತು ತಂದ ಬುತ್ತಿಯಾಗಿದ್ದಿತು.

ಆ ಬುತ್ತಿಯನ್ನು ಹಂಚಿಕೊಂಡವರೂ ಊರು ಬಿಟ್ಟು ಬಂದವರೇ. ದಂಡಿನೊಡನೆ ತಮಿಳು ಸೀಮೆಯಿಂದ ಬಂದು ಕೂಲಿ, ಕಸಬು, ಚಾಕರಿಗಳನ್ನು ಹಿಡಿದ ಕುಟುಂಬಗಳೂ, ದಖ್ಖನಿ ಮಾತನಾಡುವ ಮುಸಲ್ಮಾನ ಕುಟುಂಬಗಳೂ ಕಂಟೋನ್ಮೆಂಟಿನ ಸುತ್ತ ನೆಲೆಸಿದ್ದುವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದಾಗಲೂ ಈ ದಂಡಿನ ಪ್ರದೇಶ ಇಂಗ್ಲಿಷರ ಕೈಯಲ್ಲಿಯೇ ಉಳಿದುದರಿಂದ, ಅಲ್ಲಿಯ ಜನ ಸಂಸ್ಥಾನದ ಒಡಲಲ್ಲಿದ್ದೂ ಸಂಸ್ಥಾನಕ್ಕೆ ಹೊರಗಿನವರಾಗಿದ್ದರು. ಇಂಥವರ ಮಕ್ಕಳು ಬೇಲಿಯ ಆಚೆ ನಿಂತು ಸಿಪಾಯಿಗಳ ಆಟವನ್ನು ನೋಡಿ, ಗೆರೆಯ ಹೊರಗೆ ಬಿದ್ದ ಚೆಂಡನ್ನು ಓಡಿಹೋಗಿ ತಂದುಕೊಟ್ಟು, ಕೊನೆಗೆ ಬರಿಗಾಲಿನಲ್ಲೇ ಗೆರೆಯೊಳಕ್ಕೆ ಇಳಿದರು. ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರ ಮೊದಲಾದ ಬಡಾವಣೆಗಳು ಕಾಲ್ಚೆಂಡಿನ ತೊಟ್ಟಿಲಾದುದು ಹೀಗೆ. ಇಂದಿಗೂ ಗೌತಮಪುರಕ್ಕೆ ಹೋದವನು, ಅಂಬೇಡ್ಕರರ ಹಾಗೂ ಬುದ್ಧನ ವಿಗ್ರಹಗಳ ಸಾಲಿನಲ್ಲಿಯೇ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನು ಕಾಣಬಹುದು. ಬಡತನದಲ್ಲಿ ಹುಟ್ಟಿ ಬರಿಗಾಲಿನಲ್ಲಿ ಆಟ ಕಲಿತ ಆ ಪುರುಷನನ್ನು ಬೀದಿಯ ಜನ ತಮ್ಮ ಹಿರಿಯರ ಪಂಕ್ತಿಯಲ್ಲಿ ಕೂರಿಸಿಕೊಂಡಿದ್ದಾರೆ.

ಅಲ್ಲಿಂದ ಈ ಆಟ ಶಾಲೆಗಳ ದಾರಿಯಿಂದ ನಮ್ಮ ಜಿಲ್ಲೆಗಳಿಗೆ ಇಳಿಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಿರಿಯರು ಡ್ರಿಲ್ ಮೇಷ್ಟರ ಕಾಲದ 'ಪುಟ್‌ಬಾಲ'ನ್ನು ನೆನೆಯುವಾಗ, ಆಟಕ್ಕಿಂತ ಮೊದಲು ಚೆಂಡಿನ ಶುಶ್ರೂಷೆಯನ್ನೇ ವರ್ಣಿಸುತ್ತಾರೆ. ದಪ್ಪ ತೊಗಲಿನ ಪಟ್ಟಿಗಳನ್ನು ಹೊಲಿದು ಮಾಡಿದ ಹೊರಚಿಪ್ಪು. ಅದರೊಳಗೆ ರಬ್ಬರಿನ ಬ್ಲ್ಯಾಡರು. ಗಾಳಿ ತುಂಬಿದ ಮೇಲೆ ಬಾಯಿಯನ್ನು ತೊಗಲಿನ ದಾರದಿಂದ, ಬೂಟಿನ ಲಾಡಿಯನ್ನು ಬಿಗಿದಂತೆ, ಬಿಗಿಯಬೇಕು. ಹೊಲಿಗೆ ಬಿಟ್ಟರೆ ಚಪ್ಪಲಿ ಹೊಲಿಯುವವನ ಬಳಿಗೆ ಓಡಬೇಕು. ಬ್ಲ್ಯಾಡರು ತೂತಾದರೆ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಸಬೇಕು. ಸಕಲೇಶಪುರದ ಕಡೆಯಿಂದ ಸೋನೆ ಹಿಡಿದ ದಿನಗಳಲ್ಲಿ ಹಾಸನದ ಬಯಲಿನಲ್ಲಿ ನೆನೆದ ಚೆಂಡು ನೀರು ಕುಡಿದು ಗುಂಡುಕಲ್ಲಿನಂತಾಗುತ್ತಿತ್ತು. ಅದನ್ನು ತಲೆಯಿಂದ ಹೊಡೆದವನ ಹಣೆಯ ಮೇಲೆ ದಾರದ ಗಂಟಿನ ಗುರುತು ಎರಡು ದಿನ ಉಳಿಯುತ್ತಿತ್ತು. ಅತ್ತ ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಬೇಸಗೆಯ ನೆಲ ಕಾದು, ಅದೇ ಚೆಂಡು ತೊಗಲು ಬಿರಿದು, ಉದ್ದಿನ ಹಪ್ಪಳದಂತೆ ಒರಟಾಗುತ್ತಿತ್ತು. ಒಂದೇ ಜಿಲ್ಲೆಯೊಳಗೆ ಮಲೆನಾಡನ್ನೂ ಮೈದಾನವನ್ನೂ ಹೊಂದಿರುವ ನಮಗೆ, ಆಟದ ಬಯಲಿಗೆ ನಾವು ಕೊಟ್ಟ 'ಮೈದಾನ' ಎಂಬ ಹೆಸರೂ ಪಾರಸಿಯಿಂದ ವಲಸೆ ಬಂದ ಶಬ್ದವೆಂಬುದು ನೆನಪಿಗೆ ಬರುವುದೇ ಇಲ್ಲ. ನುಡಿಯಲ್ಲಿ ನೆಲೆಸಿದ ಪರದೇಶಿಯನ್ನು ಗುರುತಿಸುವುದಕ್ಕೆ ಆಗದಷ್ಟು ಅದು ನಮ್ಮದಾಗಿಹೋಗಿದೆ.

ಬೇಲಿಯ ಆಚೆ ನಿಂತು ಆಟ ಕಲಿತವರು ಕಲಿಸಿದವರನ್ನು ಮೀರಿದ ಕಾಲವೂ ಬಂದಿತು. 1937ರಲ್ಲಿ ಬೆಂಗಳೂರು ಮುಸ್ಲಿಂಸ್ ಎಂಬ ತಂಡ ಬೊಂಬಾಯಿಗೆ ಹೋಗಿ, ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ, ಅದುವರೆಗೆ ಪಲ್ಟಣಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷ ಮತ್ತೆ ಗೆದ್ದು, ಮೊದಲ ಗೆಲುವು ಅದೃಷ್ಟದ ಫಲವಲ್ಲವೆಂದು ಸಾಧಿಸಿ ತೋರಿಸಿತು. 1946–47ರಲ್ಲಿ ಮೈಸೂರು ತಂಡ, ಪ್ರಾಂತಗಳ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದಿತು.

ಇಲ್ಲಿಂದ ಮುಂದೆ ಚರಿತ್ರೆಯ ಪಾತ್ರಗಳು ಅದಲುಬದಲಾಗುತ್ತವೆ. 1948ರ ಜುಲೈ 31ರಂದು, ದೇಶದ ಸ್ವಾತಂತ್ರ್ಯಕ್ಕೆ ಮೊದಲ ವರ್ಷ ತುಂಬಲು ಇನ್ನೂ ಹದಿನೈದು ದಿನಗಳಿರುವಾಗ, ಲಂಡನ್ ನಗರದ ಪೂರ್ವದಂಚಿನ ಇಲ್‌ಫರ್ಡ್ ಎಂಬಲ್ಲಿ, ಒಲಿಂಪಿಕ್ ಕ್ರೀಡೆಗಳ ಅಂಗವಾಗಿ ಭಾರತ ಫ್ರಾನ್ಸನ್ನು ಎದುರಿಸಿತು. ತಾಲಿಮೆರೆನ್ ಆವೋ ನಾಯಕನಾಗಿದ್ದ ಆ ತಂಡದಲ್ಲಿ ಬಹುಮಂದಿ ಆಡಿದುದು ಬರಿಗಾಲಿನಲ್ಲಿ. ತಂಡದೊಳಗೆ ಅಹಮದ್ ಖಾನ್, ಧನರಾಜ್, ಸಾರಂಗಪಾಣಿ ರಾಮನ್ ಮೊದಲಾದ ಬೆಂಗಳೂರಿನ ಹುಡುಗರಿದ್ದರು. ಫ್ರಾನ್ಸ್ ಮುಂದಾಗಿದ್ದಾಗ, 70ನೆಯ ನಿಮಿಷದಲ್ಲಿ ಚೆಂಡನ್ನು ಗೋಲಿಗೆ ಸೇರಿಸಿ ಸಮ ಮಾಡಿದವನು ರಾಮನ್. ನಮ್ಮವರಿಗೆ ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯುವ ಮುನ್ನ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಆದರೂ ಆ ಮಧ್ಯಾಹ್ನವನ್ನು ಸೋಲಿನ ಲೆಕ್ಕಕ್ಕೆ ಮಾತ್ರ ಬರೆದಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾವ ದಂಡಿನ ಬಯಲಿನ ಬೇಲಿಯಾಚೆ ಇವರ ಹಿರಿಯರು ನಿಂತಿದ್ದರೋ, ಆ ದಂಡನ್ನು ಕಳುಹಿಸಿದ ದೇಶದ ಬಯಲಿನಲ್ಲಿ, ಆ ದೇಶದ ಜನ ಬೇಲಿಯಾಚೆ ನಿಂತು ನೋಡುತ್ತಿರಲು, ಬೆಂಗಳೂರಿನ ಬರಿಗಾಲು ಅಂದು ಆಡಿತು. ಅಂದು ಪರದೇಶಿಗಳಾಗಿದ್ದವರು ನಮ್ಮವರು. ಅವರನ್ನು ಪರದೇಶಿಗಳೆಂದು ಎಣಿಸದೆ ಹುರಿದುಂಬಿಸಿದುದು ಆ ಊರಿನ ಜನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ತಂಡ ನಮ್ಮನ್ನು 10–1ರಿಂದ ಮಣಿಸಿದಾಗ ನಮ್ಮ ಪರವಾದ ಆ ಒಂದು ಗೋಲನ್ನು ಹೊಡೆದವನೂ ಬೆಂಗಳೂರಿನ ಅಹಮದ್ ಖಾನನೇ. ಆ ಚಳಿಯ ನಾಡಿನ ಸೋಲಿನ ತರುವಾಯ ನಮ್ಮ ಆಟಗಾರರಿಗೆ ಬೂಟು ಅನಿವಾರ್ಯವಾಯಿತು. ಬರಿಗಾಲಿನ ಯುಗ ಅಲ್ಲಿಗೆ ಸಮಾಪ್ತವಾಯಿತು.

ಇನ್ನು ಬೈಲುಕುಪ್ಪೆಯ ಬಯಲಿಗೆ ಮರಳುವುದಾದರೆ, ಟಿಬೆಟ್ಟಿನವರಿಗೂ ಈ ಆಟವನ್ನು ಮುಟ್ಟಿಸಿದುದು ಇಂಗ್ಲಿಷ್ ಪರದೇಶಿಯೇ. 1936ರಲ್ಲಿ ಲ್ಹಾಸಾಕ್ಕೆ ಹೋಗಿದ್ದ ಬ್ರಿಟಿಷ್ ನಿಯೋಗದವರು, ಸಮುದ್ರಮಟ್ಟಕ್ಕಿಂತ ಹನ್ನೆರಡು ಸಾವಿರ ಅಡಿಗಳಷ್ಟು ಎತ್ತರದ ಆ ತೆಳುಗಾಳಿಯಲ್ಲಿ ಊರಿನ ತಂಡದೊಡನೆ ಪಂದ್ಯಗಳನ್ನು ಆಡಿದರು. ಊರಿನ ತಂಡ ತನ್ನನ್ನು ಲ್ಹಾಸಾ ಯುನೈಟೆಡ್ ಎಂದು ಕರೆದುಕೊಂಡಿತು. ಕೆಲವು ವರ್ಷಗಳ ಮೇಲೆ ಪಂದ್ಯವೊಂದರ ನಡುವೆ ಆಲಿಕಲ್ಲಿನ ಮಳೆ ಸುರಿದುದರಿಂದ, ಅದನ್ನು ಅಪಶಕುನವೆಂದು ಬಗೆದು ಅಲ್ಲಿಯ ಅಧಿಕಾರಿಗಳು ಆಟವನ್ನೇ ನಿಷೇಧಿಸಿದರೆಂದು, ಲ್ಹಾಸಾದಲ್ಲಿ ವಾಸವಾಗಿದ್ದ ಹೈನ್ರಿಖ್ ಹಾರರ್ ಬರೆದಿದ್ದಾನೆ. ಈ ಅಂಜಿಕೆ ನಮ್ಮ ಹಳ್ಳಿಗರಿಗೆ ತಿಳಿಯದ ವಿಷಯವಲ್ಲ. ರಾಗಿಯ ತೆನೆ ಬಲಿಯುವ ಕಾಲದಲ್ಲಿ ಆಕಾಶದ ಕಡೆ ಕೈಯೆತ್ತಿ ಮುಗಿಯುವ ರೈತ, ಬಾರ್ಲಿಯ ಹೊಲದ ಮೇಲೆ ಆಲಿಕಲ್ಲು ಬಿದ್ದವನ ಭಯವನ್ನು ಮಾತಿಲ್ಲದೆಯೇ ಅರಿಯುತ್ತಾನೆ.

1959ರ ಮಾರ್ಚ್ ತಿಂಗಳಿನಲ್ಲಿ ದಲೈ ಲಾಮಾ ಲ್ಹಾಸಾವನ್ನು ಬಿಟ್ಟು ಹೊರಟರು. ಅವರ ಹಿಂದೆ ಹಿಮದ ಕಣಿವೆಗಳನ್ನು ದಾಟಿ ಸಹಸ್ರಾರು ಜನ ಭಾರತಕ್ಕೆ ಬಂದರು. ಅವರಿಗೆ ನೆಲೆ ಕೊಡಬೇಕೆಂದು ಭಾರತ ಸರ್ಕಾರ ಕೇಳಿದಾಗ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಯಾಕ್ ಮೇಯಿಸಿ ಬಲ್ಲ, ಬಾರ್ಲಿ ಬಿತ್ತಿ ಬಲ್ಲ, ಹಿಮವನ್ನು ಬಲ್ಲ ಆ ಜನ, ಆನೆಗಳು ಓಡಾಡುವ ಕಾಡನ್ನು ಕಡಿದು, ಬಿಸಿಲಿನಲ್ಲಿ ಬೆಂದು, ಜ್ವರಗಳಿಗೆ ತಮ್ಮವರನ್ನು ಕಳೆದುಕೊಂಡು, ಮುಸುಕಿನ ಜೋಳದ ಬೇಸಾಯವನ್ನು ಕಲಿತರು. ಕಲಿಸಿದವರಲ್ಲಿ ನೆರೆಯ ಹಳ್ಳಿಗಳ ನಮ್ಮ ಒಕ್ಕಲಿಗರೂ ಇದ್ದರು.

ಹೊರಗಿನಿಂದ ಬಂದವರಿಗೆ ಎಡೆ ಕೊಡುವುದು ಈ ಸೀಮೆಗೆ ಹೊಸದಾಗಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಸುಮಾರು ಕ್ರಿ.ಶ. 600ರ ಶಾಸನವೊಂದು, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡ ಭದ್ರಬಾಹುವಿನ ಮಾತಿನಂತೆ ಮುನಿಸಂಘ ದಕ್ಷಿಣಕ್ಕೆ ಹೊರಟ ಕಥೆಯನ್ನು ಹೇಳುತ್ತದೆ. ಆ ಸಂಘದೊಡನೆ ಚಂದ್ರಗುಪ್ತ ಮೌರ್ಯನೂ ಬಂದು ಇಲ್ಲಿಯೇ ದೇಹವನ್ನು ಬಿಟ್ಟನೆಂಬುದು ಜೈನ ಸಂಪ್ರದಾಯ. ಹಾಸನದ ಬಳಿಯ ಕೌಶಿಕದಲ್ಲಿಯೂ, ಅರಕಲಗೂಡಿನ ಸುತ್ತಲೂ ನೆಲೆಸಿದ ಸಂಕೇತಿಗಳು, ಶತಮಾನಗಳ ಹಿಂದೆ ತೆಂಕಣದ ಸೆಂಗೋಟೆಯ ಕಡೆಯಿಂದ ಬಂದವರು. ಇಂದು ಅವರಿಲ್ಲದ ಅರಕಲಗೂಡನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಕ್ಷಾಮದಿಂದಲೋ, ಕ್ಲೇಶದಿಂದಲೋ, ಧರ್ಮದ ರಕ್ಷಣೆಗಾಗಿಯೋ ಬಂದವರಿಗೆ ಹೇಮಾವತಿ-ಕಾವೇರಿಗಳ ದಂಡೆ ಹಿಂದಿನಿಂದಲೂ ಎಡೆ ಕೊಟ್ಟಿದೆ. ಕೆಂಪು ಕಾವಿಯ ಭಿಕ್ಷುಗಳು ಕಾವೇರಿಯ ದಂಡೆಗೆ ಬಂದುದು, ಅಂತೆಯೇ, ಹಳೆಯ ಕಥೆಯೊಂದರ ಹೊಸ ಅಧ್ಯಾಯ.

ಹೀಗೆ ನೆಲೆ ದೊರೆತವರು ಕಾಡು ಕಡಿದು, ಮಠ ಕಟ್ಟಿ, ಶಾಲೆ ತೆರೆದು, ಆ ಶಾಲೆಯ ಪಕ್ಕದಲ್ಲಿ ಒಂದು ಬಯಲನ್ನು ಬಿಟ್ಟುಕೊಂಡರು. 1981ರ ಜನವರಿಯಲ್ಲಿ ದಲೈ ಲಾಮಾ ಅವರ ತಾಯಿ ತೀರಿಕೊಂಡರು. ಮಹಾತಾಯಿ ಎಂಬ ಭಾವದಿಂದ ಆಕೆಯನ್ನು ಗ್ಯಾಲ್ಯುಂ ಛೆನ್ಮೊ ಎಂದು ಜನ ಕರೆಯುತ್ತಿದ್ದರು. ಆಕೆಯ ಸ್ಮರಣಾರ್ಥವಾಗಿ ಅದೇ ವರ್ಷ ಆರಂಭವಾದ ಚಿನ್ನದ ಕಪ್ಪಿನ ಕಾಲ್ಚೆಂಡಿನ ಪಂದ್ಯಾವಳಿ, ದೇಶಭ್ರಷ್ಟರಾದ ಟಿಬೆಟ್ಟಿನವರ ಪಾಲಿಗೆ ಜಾತ್ರೆಯಾಗಿ ಬೆಳೆಯಿತು. ಒಂದು ಕಡೆ ಬೈಲುಕುಪ್ಪೆ, ಮುಂಡಗೋಡುಗಳ ತಂಡ, ಮತ್ತೊಂದು ಕಡೆ ಹಿಮಾಲಯದ ಮಗ್ಗುಲಿನ ತಂಡ. ಚದುರಿಹೋದ ಬಂಧುಗಳು ಒಂದೆಡೆ ಕಲೆಯಲು, ವರಾನ್ವೇಷಣೆಯ ಮಾತೆತ್ತಲು, ಮುದುಕರು ತಮ್ಮ ಕಣಿವೆಯ ಸಮಾಚಾರವನ್ನು ವಿನಿಮಯ ಮಾಡಿಕೊಳ್ಳಲು ಅದೇ ನೆವ. ರಾಮನಾಥಪುರದ ಸುಬ್ರಹ್ಮಣ್ಯ ಷಷ್ಠಿಯ ತೇರಿನಲ್ಲಿ ನಮ್ಮವರು ಮಾಡುವುದೂ ಇದನ್ನೇ ಅಲ್ಲವೆ? 2001ರ ಜೂನ್ 30ರಂದು ಟಿಬೆಟ್ಟಿನ ತಂಡವೊಂದು ಕೋಪನ್‌ಹೇಗನ್ನಿನಲ್ಲಿ ಗ್ರೀನ್‌ಲೆಂಡಿನ ವಿರುದ್ಧ ಆಡಿ 4–1ರಿಂದ ಸೋತಿತು. ವಿಶ್ವಸಂಸ್ಥೆಯಲ್ಲಿ ಸ್ಥಾನವಿಲ್ಲದ ಎರಡು ಜನಾಂಗಗಳು, ತಮ್ಮವಲ್ಲದ ಮೂರನೆಯ ನಾಡಿನಲ್ಲಿ, ತಮ್ಮ ತಮ್ಮ ಬಾವುಟಗಳನ್ನು ಹಿಡಿದು ಆಡಿದ ಆ ತೊಂಬತ್ತು ನಿಮಿಷಗಳಲ್ಲಿ ಅವರಿಗೊಂದು ದೇಶವಿದ್ದಿತು.

ಇತ್ತ ನಮ್ಮ ಹಾಸನವೂ ದೂರದ ಮೈದಾನಗಳನ್ನು ಮನೆಯಂಗಳಕ್ಕೆ ತರುವುದರಲ್ಲಿ ಒಂದು ಪಾತ್ರವನ್ನು ವಹಿಸಿತು. 1982ರಲ್ಲಿ ಹಾಸನದಲ್ಲಿ ಸ್ಥಾಪಿತವಾದ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ, 1983ರ ಆಗಸ್ಟ್‌ನಲ್ಲಿ ಆಕಾಶಕ್ಕೇರಿದ ಇನ್‌ಸ್ಯಾಟ್-1ಬಿ ಉಪಗ್ರಹದ ಲಗಾಮನ್ನು ಹಿಡಿಯಿತು. ದೂರದರ್ಶನದ ಕಾರ್ಯಕ್ರಮಗಳನ್ನು ದೇಶದ ಮೂಲೆಮೂಲೆಗೆ ಹರಡಿದ ಉಪಗ್ರಹ ಅದೇ. 1986ರ ವಿಶ್ವಕಪ್ಪಿನಲ್ಲಿ ಮೆಕ್ಸಿಕೋದ ಬಯಲಿನಲ್ಲಿ ಅರ್ಜೆಂಟೀನದ ಮರಡೋನ ಚೆಂಡನ್ನು ಕೊಂಡೊಯ್ದ ವೈಖರಿಯನ್ನು ನಡುರಾತ್ರಿ ಎದ್ದು ಕುಳಿತು ನೋಡಿದ ಹೊಳೆನರಸೀಪುರದ ಹುಡುಗನಿಗೆ, ಆ ಚಿತ್ರವನ್ನು ಹೊತ್ತು ತಂದ ಆಕಾಶದ ಕುದುರೆಯ ಸವಾರ ತನ್ನ ಪಕ್ಕದ ಊರಿನಲ್ಲಿಯೇ ಇದ್ದಾನೆಂಬುದು ತಿಳಿದಿರಲಾರದು.

ಆ ಹುಡುಗನೇ ಮುಂದೆ ಓದಿ, ಕೆಲಸ ಹಿಡಿದು, ಪರದೇಶಕ್ಕೆ ಹೋದ. ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯ ಗೊರೂರಿನಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕೆಯನ್ನು ಸುತ್ತಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಗ್ರಂಥಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ಶೀರ್ಷಿಕೆಯೇ ನಮ್ಮ ಸೀಮೆಯ ಮನೋಧರ್ಮವನ್ನು ಹೇಳುತ್ತದೆ, ಮನುಷ್ಯ ಎಲ್ಲಿಗೆ ಹೋದರೂ ತನ್ನ ಊರನ್ನು ಹೆಸರಿನಲ್ಲಿ ಕಟ್ಟಿಕೊಂಡೇ ಹೋಗುತ್ತಾನೆ. ಇಂದು ನಮ್ಮ ಊರುಗಳ ಮಕ್ಕಳಲ್ಲಿ ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ, ಕೊಲ್ಲಿಯ ನಾಡುಗಳಲ್ಲಿ ಬಾಳುತ್ತಿರುವವರು ಹಲವರಿದ್ದಾರೆ. ಅವರಲ್ಲೊಬ್ಬ ನನ್ನೊಡನೆ ಹೇಳಿಕೊಂಡ ಮಾತು ಇದು: ಹೋದ ಮೊದಲ ವರ್ಷವೆಲ್ಲ ನೆರೆಯವರೊಡನೆ ಹವೆಯ ವಿಚಾರವನ್ನುಳಿದು ಬೇರೆ ಮಾತಿರಲಿಲ್ಲವಂತೆ, ಒಂದು ಶನಿವಾರ ಆ ಸಣ್ಣ ಊರಿನ ತಂಡದ ಆಟಕ್ಕೆ ಹೋಗಿ, ಮಳೆಯಲ್ಲಿ ನೆನೆಯುತ್ತ ನಿಂತು, ಗೋಲು ಬಿದ್ದಾಗ ಅಪರಿಚಿತನೊಬ್ಬ ತನ್ನನ್ನು ಅಪ್ಪಿಕೊಂಡ ಮೇಲೆ, ಆ ಊರಿನ ಅಂಗಡಿಯವನೂ ಅಂಚೆಯವನೂ ತನ್ನನ್ನು ಹೆಸರಿಟ್ಟು ಕರೆಯತೊಡಗಿದರಂತೆ. 2023ರ ಮಾರ್ಚ್ 4ರಂದು ಸಂತೋಷ್ ಟ್ರೋಫಿಯ ಅಂತಿಮ ಪಂದ್ಯವೇ ಸೌದಿ ಅರೇಬಿಯದ ರಿಯಾಧ್ ನಗರಕ್ಕೆ ಪ್ರಯಾಣ ಮಾಡಿತು. ಅಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಗೆದ್ದು, 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಕೊನೆಯ ಬಾರಿ ಎತ್ತಿದ್ದ ಆ ಟ್ರೋಫಿಯನ್ನು ಐವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ಎತ್ತಿತು. ಹೊಟ್ಟೆಪಾಡಿಗಾಗಿ ಕನ್ನಡಿಗರು ಹೋಗಿ ನೆಲೆಸಿದ ಮರಳುಗಾಡಿನ ನಾಡಿಗೆ, ಒಂದು ಸಂಜೆಯ ಮಟ್ಟಿಗೆ, ತವರು ತಾನೇ ನಡೆದು ಹೋದಂತಾಯಿತು.

ಹಿಂದಿನ ಕಾಲದ ಅರಸರೂ ವರ್ತಕರೂ ದಾರಿಹೋಕರಿಗಾಗಿ ಛತ್ರಗಳನ್ನು ಕಟ್ಟಿಸಿದರು, ಅರವಟ್ಟಿಗೆಗಳನ್ನು ಇಡಿಸಿದರು. ಊರ ಮುಂದೆ ಗುಂಡುತೋಪುಗಳನ್ನು ಬೆಳೆಸಿದರು. ಬಂದವನ ಕುಲವನ್ನೋ ನಾಡನ್ನೋ ಕೇಳದೆ ನೆರಳನ್ನೂ ನೀರನ್ನೂ ಕೊಡುವುದು ಆ ಧರ್ಮದ ತಿರುಳು. ಊರಿನ ಆಟದ ಮೈದಾನವೂ ಅಂಥ ಒಂದು ಛತ್ರವೇ ಎಂದು ನನಗೆ ತೋರುತ್ತದೆ. ಅದರ ಬಾಗಿಲಿಗೆ ಕದವಿಲ್ಲ. ಅಲ್ಲಿ ಉಣಬಡಿಸುವುದು ಅನ್ನವನ್ನಲ್ಲದಿದ್ದರೂ, ಪಕ್ಷವೊಂದನ್ನು ತನ್ನದೆಂದು ಹಿಡಿದು ಕೂಗುವ ಹಕ್ಕನ್ನು ಬಂದವರಿಗೆಲ್ಲ ಸಮಾನವಾಗಿ ಬಡಿಸುತ್ತದೆ. ಗುಂಡುತೋಪುಗಳು ನಿವೇಶನಗಳಾದ ಹಾಗೆ ನಮ್ಮ ಊರುಗಳ ಬಯಲುಗಳೂ ಆಗದಿರಲಿ ಎಂದು ನಾನು ಹಂಬಲಿಸುವುದು ಆಟಗಾರರಿಗಾಗಿ ಮಾತ್ರವೇ ಅಲ್ಲ, ನಾಳೆ ನಮ್ಮ ಊರಿಗೆ ಬರಲಿರುವ ಅಪರಿಚಿತನಿಗಾಗಿಯೂ ಹೌದು.

ಬೈಲುಕುಪ್ಪೆಯ ಆ ಸಂಜೆ, ಆಟ ಕೊನೆಗೆ ಸಮೀಪಿಸಿದಾಗ ಎರಡು ಕಡೆಗೂ ಒಂದೊಂದು ಗೋಲಾಗಿತ್ತು. ನೀಲಿ ಅಂಗಿಯ ತರುಣನೊಬ್ಬ ಎಡಗಡೆಯ ಗೆರೆಯ ಗುಂಟ, ಧೂಳೆಬ್ಬಿಸುತ್ತ, ನಮ್ಮ ಮುಂದೆಯೇ ಚೆಂಡನ್ನು ಹೊಡೆದುಕೊಂಡು ಓಡಿದ. ಸುತ್ತಲಿನವರೆಲ್ಲ ಎದ್ದು ನಿಂತರು. ಆಗ ನನ್ನ ಪಕ್ಕದಿಂದಲೇ, ಟಿಬೆಟ್ಟಿನ ನೂರು ದನಿಗಳನ್ನು ಮೀರಿ, ಅಚ್ಚ ಅರಕಲಗೂಡಿನ ಕನ್ನಡದಲ್ಲಿ ಒಂದು ದನಿ ಎದ್ದಿತು: 'ಹೊಡಿಯೋ ಮಗಾ, ಬಿಡಬ್ಯಾಡ ಹೊಡಿ!' ಮಾವ ಎದ್ದು ನಿಂತಿದ್ದ. ಹೆಗಲ ಮೇಲಿನ ಟವೆಲು ಜಾರಿ ಮಣ್ಣಿಗೆ ಬಿದ್ದುದು ಅವನ ಗಮನಕ್ಕೆ ಬಂದಿರಲಿಲ್ಲ. ಆ ವೃದ್ಧ ಮಾವನ ಮುಂಗೈಯನ್ನು ಭದ್ರವಾಗಿ ಹಿಡಿದುಕೊಂಡಿದ್ದ. ಹೊಡೆತ ಕಂಬಕ್ಕೆ ತಗುಲಿ ಹೊರಕ್ಕೆ ಹೋಯಿತು. ಇಬ್ಬರೂ ಒಟ್ಟಿಗೆ ತಲೆಯ ಮೇಲೆ ಕೈಯಿಟ್ಟುಕೊಂಡರು. ಆ ಜನಸಂದಣಿಯಲ್ಲಿ ಪರದೇಶಿಗಳಾಗಿ ಬಂದು ಕುಳಿತಿದ್ದವರು ನಾವಿಬ್ಬರೇ ಎಂಬುದು ನನಗೆ ಆಗ ಹೊಳೆಯಿತು. ನಮ್ಮದೇ ನಾಡಿನಲ್ಲಿ, ನಮ್ಮದೇ ಹೊಳೆಯ ದಂಡೆಯಲ್ಲಿ.

ಕತ್ತಲಾಗುವ ಹೊತ್ತಿಗೆ ಕೂಡಿಗೆಯನ್ನು ದಾಟಿ ಊರ ಕಡೆ ಬರುತ್ತಿದ್ದೆವು. ಮಾವ ಬಹಳ ಹೊತ್ತಿನವರೆಗೆ ಮಾತಾಡಲಿಲ್ಲ. ಶಿರಂಗಾಲದ ಹತ್ತಿರ ಕಾವೇರಿಯ ಮೇಲಿನಿಂದ ತಂಗಾಳಿ ಬೀಸಿದಾಗ, ಬೀಡಿ ಹಚ್ಚಿಕೊಂಡು, ನಿಟ್ಟುಸಿರಿಟ್ಟು ಹೇಳಿದ: 'ಒಂದಂಗುಲ ಒಳಗಿದ್ದಿದ್ರೆ ನಮ್ಮೋರೇ ಗೆಲ್ತಿದ್ರು ಕಣಯ್ಯಾ.'